ಮಿರಜದ ತಂಬೂರಿ

ತಂಬೂರಿ ಬೇಕೆಂದರೆ ಧಾರವಾಡ ಸೀಮೆಯ ಹಿಂದೂಸ್ತಾನಿ ಗಾಯಕರು ಮಿರಜಕ್ಕೆ ಹೋಗುವುದು ಹಳೆಯ ರೂಢಿ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದ್‌ಸಾಹೇಬರು 19ನೆಯ ಶತಮಾನದಲ್ಲಿ ಅಲ್ಲಿ ಈ ಕಸುಬು ಹಿಡಿದರು. 2024ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಬಂತು.

ಹಾರ್ಮೋನಿಯಂನ ಕಪ್ಪು 1 ಎಂದರೆ ಸಾಕು, ಅಳತೆ ತಿಳಿಯುತ್ತದೆ: ಗಂಡಸರ ದನಿಗೆ ದೊಡ್ಡದು, ಹೆಂಗಸರ ಏರುದನಿಗೆ ಚಿಕ್ಕದು. ಆದರೆ ನಾದ ‘ದುಂಡಗಿರಬೇಕು’ ಎಂದರೆ ಎಷ್ಟು ದುಂಡಗೆ? ಸೋರೆಬುರುಡೆಯೂ ನಮ್ಮ ಅಳತೆಗೆ ಬೆಳೆಯುವುದಿಲ್ಲ. ಪಂಢರಪುರದ ಕಡೆಯಿಂದ ಬಂದವುಗಳಲ್ಲಿ ತಯಾರಕರು ಆರಿಸಿದ್ದನ್ನು ನಂಬಬೇಕು.

ಕೊನೆಯದು ಜವಾರಿ. ಕುದುರೆಯ ಮೈಯನ್ನು ತುಸುತುಸುವೇ ಉಜ್ಜಿ, ತಂತಿಯಡಿಯ ನೂಲು ಸರಿಸಿ, ತಯಾರಕರು ಗಾಯಕರ ಮುಖ ನೋಡುತ್ತಾರೆ. ಉಜ್ಜಿ ಹೋದದ್ದು ಮರಳಿ ಬಾರದು. ಅದಕ್ಕೇ ಅನುಭವಿಗಳು ಆ ದಿನ ಎದುರಿಗೇ ಕುಳಿತಿದ್ದು, ಸಾಕೆನಿಸಿದಾಗ ಕೈ ಎತ್ತುತ್ತಾರೆ.