ಮಂಗಳೂರು ವಾಪಸ್ ಕಳಿಸಿದ ಮರಿಯಂ

ಕಾವೂರಿನಿಂದ ಬೊಂದೇಲ್, ಪದವಿನಂಗಡಿ ಹಾದು ಪೇಟೆಗೆ ಹೋಗುವ ಬಸ್ಸು ಮೇರಿಹಿಲ್ಲಿನಲ್ಲಿ ನಿಂತಾಗ ನಮ್ಮಲ್ಲಿ ಎಷ್ಟು ಮಂದಿ ಕಿಟಕಿಯಾಚೆ ನೋಡುತ್ತೇವೋ! ಸಂತ ಆಗ್ನೆಸ್ ಕಾಲೇಜು ನಡೆಸುವ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳ ಮಠವೊಂದು ಇರುವುದು ಅಲ್ಲೇ. 1870ರ ನವೆಂಬರಿನಲ್ಲಿ ಅವರ ಮೊದಲ ಸಿಸ್ಟರುಗಳು ಫ್ರಾನ್ಸಿನಿಂದ ಮಂಗಳೂರಿಗೆ ಬಂದಾಗ ಜೊತೆಯಲ್ಲಿ ಇನ್ನೊಂದು ತಂಡವೂ ಇತ್ತು. ಮಠದ ಗೋಡೆ ದಾಟದೆ ಮೌನ, ಪ್ರಾರ್ಥನೆಯಲ್ಲೇ ಬಾಳು ಸವೆಸುವ ಕಾರ್ಮೆಲೈಟ್ ಸನ್ಯಾಸಿನಿಯರು ಅವರು. ಮಧ್ಯಯುಗದಲ್ಲಿ ಕಾರ್ಮೆಲ್ ಬೆಟ್ಟದ ವಿರಕ್ತರಿಂದ ಶುರುವಾಗಿ, 16ನೇ ಶತಮಾನದಲ್ಲಿ ಸ್ಪೇನಿನ ತೆರೇಸಾ ತಿದ್ದಿ ಕಟ್ಟಿದ ಪಂಥ ಅದು. ದಾರಿಯಲ್ಲೇ ಮೂವರು ತೀರಿಕೊಂಡರು. ಉಳಿದು ಬಂದವರಲ್ಲಿ 24 ವರ್ಷದ ಮರಿಯಂ ಬವಾರ್ದಿಯೂ ಒಬ್ಬಳು.

ಕಾರ್ಮೆಲ್ ಬೆಟ್ಟಕ್ಕೆ ದೂರವೇನಲ್ಲದ ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿ ಆಕೆಯ ಹುಟ್ಟೂರು. ಆಕೆಗಿಂತ ಮೊದಲು ಹುಟ್ಟಿದ 12 ಗಂಡುಮಕ್ಕಳೂ ಉಳಿದಿರಲಿಲ್ಲ. ಎರಡು ವರ್ಷ ತುಂಬಿ ಮೂರರಲ್ಲಿದ್ದಾಗ ತಂದೆತಾಯಿಯೂ ಹೋದರು. ಸಾಕಿದ ಚಿಕ್ಕಪ್ಪ 13ನೇ ವಯಸ್ಸಿಗೆ ಮದುವೆ ಗೊತ್ತುಮಾಡಿದಾಗ ಕೂದಲು ಕತ್ತರಿಸಿಕೊಂಡು ಒಲ್ಲೆ ಎಂದಳು. ಅದಾದ ಸ್ವಲ್ಪ ದಿನಕ್ಕೆ, ಮತ ಬಿಡಲೊಪ್ಪದ ಆಕೆಯ ಕೊರಳನ್ನು ಒಬ್ಬ ಕೊಯ್ದು ಬೀದಿಯಲ್ಲಿ ಎಸೆದ. ನೀಲಿ ಉಡುಪಿನ ಹೆಂಗಸೊಬ್ಬಳು ಗಾಯ ಹೊಲಿದು, ಸೂಪು ಕುಡಿಸಿ ಉಳಿಸಿದಳೆಂದು ಮರಿಯಂ ಹೇಳುತ್ತಿದ್ದಳು. ಪವಾಡವನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕೊರಳ ಮೇಲಿನ ಕಲೆಯಂತೂ ಕೊನೆವರೆಗೆ ಇತ್ತು, ದನಿಯೂ ಒಡಕಾಗಿತ್ತು.

ಅಲೆಕ್ಸಾಂಡ್ರಿಯ, ಜೆರುಸಲೇಮ್, ಬೈರೂತ್, ಮಾರ್ಸೇಲ್ ಎಂದು ಮನೆಗೆಲಸ ಮಾಡುತ್ತಾ ಅಲೆದವಳು 1867ರಲ್ಲಿ ಫ್ರಾನ್ಸಿನ ಪೋ ಊರಿನ ಮಠ ಸೇರಿದಳು. ಓದುಬರಹ ಅಷ್ಟಕ್ಕಷ್ಟೆ. ಪರವಶಳಾದಾಗ ಬಾಯಿಗೆ ಬಂದ ಹಾಡು, ಮಾತುಗಳನ್ನು ಪಕ್ಕದ ಸಿಸ್ಟರುಗಳು ಬರೆದುಕೊಂಡರು. ಆಕೆಯ 'ಬರಹ'ವೆಂದರೆ ಅಷ್ಟೇ. ತನ್ನನ್ನು 'ಪುಟ್ಟ ಶೂನ್ಯ' ಎಂದು ಕರೆದುಕೊಳ್ಳುತ್ತಿದ್ದಳು. ಇಂಥವರಿಗೆ ಕನ್ನಡದಲ್ಲಿ 'ಅನುಭಾವಿ' ಎಂಬ ಮಾತು ಮೊದಲೇ ಇದೆ.

ಕಾರ್ಮೆಲೈಟ್ ಸನ್ಯಾಸಿನಿಯರ ಭಾರತದ ಮೊದಲ ಮಠವಾದ ಮಂಗಳೂರಿನ ಮಠದಲ್ಲಿ 1871ರ ನವೆಂಬರ್ 21ರಂದು ಆಕೆ ವ್ರತ ಸ್ವೀಕರಿಸಿದಳು. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ಮೈಮರೆಯುತ್ತಿದ್ದಳಂತೆ. ಅದೇ ಮುಳುವಾಯಿತು. ಇದು ದೇವರದೋ, ಭ್ರಮೆಯೋ, ಸೈತಾನನ ಆಟವೋ ಎಂಬ ಗುಮಾನಿ ಮಠದಲ್ಲೂ ಮೇಲಿನವರಲ್ಲೂ ಬೆಳೆಯಿತು. 1872ರಲ್ಲಿ ಆಕೆಯನ್ನು ಪೋ ಮಠಕ್ಕೆ ವಾಪಸ್ ಹಡಗು ಹತ್ತಿಸಿದರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಸಂತ ಪದವಿ ಕೊಟ್ಟ ಮೇಲೆ 'ನಮ್ಮೂರಿನಲ್ಲಿದ್ದವಳು' ಎಂದು ಹೆಮ್ಮೆಪಡುವ ನಾವು ಈ ಹಡಗನ್ನೂ ನೆನೆಯಬೇಕು.

ಇಲ್ಲಿದ್ದ ಎರಡು ವರ್ಷ ತುಳು, ಕೊಂಕಣಿ, ಕನ್ನಡ ಮೂರೂ ಆಕೆಯ ಕಿವಿಗೆ ಬಿದ್ದಿರಬೇಕು. ಆಕೆಗೆ ಬರುತ್ತಿದ್ದದ್ದು ಅರಬ್ಬಿ, ಹರಕುಮುರುಕು ಫ್ರೆಂಚು. ಆ ಅರಬ್ಬಿ ಉಪಯೋಗಕ್ಕೆ ಬಂದದ್ದು 1875ರ ನಂತರ ಬೆತ್ಲೆಹೇಮಿನಲ್ಲಿ. ಅಲ್ಲಿ ಹೊಸ ಮಠ ಕಟ್ಟುವಾಗ ಕೆಲಸದವರೊಡನೆ ಮಾತಾಡಬಲ್ಲ ಸಿಸ್ಟರ್ ಆಕೆಯೊಬ್ಬಳೇ. 1878ರ ಆಗಸ್ಟ್‌ನ ಬಿಸಿಲಿನಲ್ಲಿ ಅವರಿಗೆ ಕುಡಿಯುವ ನೀರು ಒಯ್ಯುತ್ತಿದ್ದಾಗ ಬಿದ್ದು ಕೈ ಮುರಿಯಿತು, ಗಾಯ ಕೊಳೆಯಿತು. 26ನೇ ತಾರೀಕು ತೀರಿಕೊಂಡಾಗ ಆಕೆಗೆ 32 ವರ್ಷ.