ಮರೆವಿನ ಕಾಯಿಲೆಯ ಬೆನ್ನುಹತ್ತಿದ ಎಐ: ಟೆಕ್ಸಾಸ್‌ನ ಮೂರು ನಗರಗಳಲ್ಲಿ

ಡಿಮೆನ್ಷಿಯಾ ಒಂದೇ ಕಾಯಿಲೆಯಲ್ಲ. ನೆನಪು, ಮಾತು, ವಿವೇಚನೆ ಕುಗ್ಗಿ ನಿತ್ಯದ ಬದುಕಿಗೇ ತೊಡಕಾಗುವ ಸ್ಥಿತಿ ಅದು. ಇಂಥ ಪ್ರಕರಣಗಳಲ್ಲಿ ಶೇ 60ರಿಂದ 70ರಷ್ಟಕ್ಕೆ ಆಲ್ಝೈಮರ್ ಕಾರಣ. ಲಕ್ಷಣಗಳು ಹೊರಗೆ ಕಾಣುವ ಎಷ್ಟೋ ವರ್ಷ ಮೊದಲೇ ಮಿದುಳಿನಲ್ಲಿ ಅಮೈಲಾಯ್ಡ್ ಮತ್ತು ಟೌ ಪ್ರೋಟೀನುಗಳು ಗಂಟುಕಟ್ಟತೊಡಗುತ್ತವೆ. ಆ ಅವಧಿಯ ಸುಳಿವುಗಳನ್ನು ಹುಡುಕುವುದರಲ್ಲಿ ಈಗ ಕೃತಕ ಬುದ್ಧಿಮತ್ತೆಯೂ ಕೈಜೋಡಿಸಿದೆ.

ಡಲ್ಲಾಸ್: ಆಕಾರವಿಲ್ಲದ ಪ್ರೋಟೀನು

ಯುಟಿ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದಲ್ಲಿ ಮಾರ್ಕ್ ಡೈಮಂಡ್ ತಂಡ ಟೌ ಪ್ರೋಟೀನನ್ನು ಅಧ್ಯಯನ ಮಾಡುತ್ತಿದೆ. ಗಂಟುಕಟ್ಟುವ ಮುನ್ನ ಬಿಡಿ ಟೌ ಅಣುವಿನ ಆಕಾರವೇ ಬದಲಾಗುತ್ತದೆ ಎಂದು ಈ ತಂಡ 2018ರಲ್ಲಿ ತೋರಿಸಿತು. ಪ್ರೋಟೀನಿನ ಆಕಾರ ಊಹಿಸುವ ಎಐ ಆಲ್ಫಾಫೋಲ್ಡ್ ರೂಪಿಸಿದವರಿಗೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು, ನಿಜ. ಆದರೆ ಸಹಜ ಸ್ಥಿತಿಯಲ್ಲಿ ಟೌಗೆ ನಿಶ್ಚಿತ ಆಕಾರವೇ ಇಲ್ಲ. ಅಲ್ಲಿ ಆಲ್ಫಾಫೋಲ್ಡ್‌ನ ಊಹೆಯನ್ನು ನಂಬಿ ಕೂರುವಂತಿಲ್ಲ, ಪ್ರಯೋಗಾಲಯವೇ ಗತಿ.

ಹ್ಯೂಸ್ಟನ್: ಕಡತಗಳೊಳಗಿನ ಸುಳಿವು

ಯುಟಿ ಹೆಲ್ತ್ ಹ್ಯೂಸ್ಟನ್‌ನಲ್ಲಿ ವೈದ್ಯಕೀಯ ಮಾಹಿತಿ ವಿಜ್ಞಾನಕ್ಕೆಂದೇ ಒಂದು ಶಾಲೆಯಿದೆ. ಇದೇ ಸಂಸ್ಥೆಯ ಪಾಲ್ ಶುಲ್ಜ್ ತಂಡ 2022ರಲ್ಲಿ 65 ದಾಟಿದವರ ದಾಖಲೆಗಳನ್ನು ತಾಳೆ ಹಾಕಿತು. ಆಗಷ್ಟೇ ವೈದ್ಯಕೀಯ ಓದು ಮುಗಿಸಿದ್ದ ಅವ್ರಮ್ ಬುಖ್‌ಬಿಂಡರ್ ಆ ಪ್ರಬಂಧದ ಮೊದಲ ಲೇಖಕ. ಫ್ಲೂ ಲಸಿಕೆ ಪಡೆದ 9,35,887 ಮಂದಿಯನ್ನು, ದಾಖಲೆಗಳ ಮಟ್ಟಿಗೆ ಅವರನ್ನೇ ಹೋಲುವ ಅಷ್ಟೇ ಮಂದಿ ಲಸಿಕೆ ಪಡೆಯದವರೊಡನೆ ಹೋಲಿಸಲಾಯಿತು. ನಾಲ್ಕು ವರ್ಷಗಳಲ್ಲಿ ಆಲ್ಝೈಮರ್ ಕಾಣಿಸಿಕೊಂಡದ್ದು ಲಸಿಕೆ ಪಡೆದವರಲ್ಲಿ ಶೇ 5.1, ಪಡೆಯದವರಲ್ಲಿ ಶೇ 8.5. ಇಷ್ಟರಿಂದಲೇ ಲಸಿಕೆ ಕಾಯಿಲೆ ತಡೆಯಿತು ಎನ್ನಲಾಗದು. ಇಂಥ ದಾಖಲೆಗಳ ಮೇಲೆ ಕೆಲಸ ಮಾಡುವ ಎಐಗೂ ಇದೇ ಮಿತಿ: ನಂಟು ಸಿಗುತ್ತದೆ, ಕಾರಣ ಸಿಗುವುದಿಲ್ಲ.

ಆಸ್ಟಿನ್: ಮಿದುಳಿನಿಂದ ಮಾತಿಗೆ

ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದ ಅಲೆಕ್ಸ್ ಹ್ಯೂತ್ ಮತ್ತು ಆಗಿನ್ನೂ ಪಿಎಚ್‌.ಡಿ. ವಿದ್ಯಾರ್ಥಿಯಾಗಿದ್ದ ಜೆರ್ರಿ ಟ್ಯಾಂಗ್ 2023ರಲ್ಲಿ ಮಿದುಳಿನ ಸ್ಕ್ಯಾನ್ ನೋಡಿ, ಆ ವ್ಯಕ್ತಿ ಕೇಳಿದ ಕಥೆಯ ಸಾರ ಹೇಳುವ ಎಐ ರೂಪಿಸಿದರು. ಅದಕ್ಕೆ ತರಬೇತಿ ಕೊಡಲು ಒಬ್ಬೊಬ್ಬರೂ ಸ್ಕ್ಯಾನರ್‌ನೊಳಗೆ ಮಲಗಿ 16 ಗಂಟೆ ಪಾಡ್‌ಕಾಸ್ಟ್ ಕೇಳಬೇಕಾಯಿತು. ಕಥೆಯಲ್ಲಿ ‘ನನಗಿನ್ನೂ ಡ್ರೈವಿಂಗ್ ಲೈಸೆನ್ಸ್ ಇಲ್ಲ’ ಎಂಬ ಮಾತು ಕೇಳಿಸಿದಾಗ, ‘ಆಕೆ ಡ್ರೈವಿಂಗ್ ಕಲಿಯಲು ಶುರುವೇ ಮಾಡಿಲ್ಲ’ ಎಂದು ಯಂತ್ರ ಬರೆಯಿತು. ಪದ ಬೇರೆ, ಭಾವ ಹತ್ತಿರ. 2025ರ ಹೊತ್ತಿಗೆ ಹೊಸಬರ ತರಬೇತಿ ಸುಮಾರು ಒಂದು ಗಂಟೆಗೆ ಇಳಿಯಿತು. ಅದೂ ಮಾತಿಲ್ಲದ ವಿಡಿಯೊ ನೋಡಿದರೆ ಸಾಕು. ಮಾತೇ ಮೊದಲು ಕುಂದುವ ಬಗೆಯ ಡಿಮೆನ್ಷಿಯಾವೂ ಇರುವುದರಿಂದ ಈ ದಾರಿ ಮುಖ್ಯ. ಆದರೆ ರೋಗಿಗಳಲ್ಲಿ ಇದು ಇನ್ನೂ ಸಾಬೀತಾಗಬೇಕಿದೆ.

ಯಾರ ದತ್ತಾಂಶ?

ಎಐ ತಾನು ಕಂಡವರಿಂದಲೇ ಕಲಿಯುತ್ತದೆ. ಆಲ್ಝೈಮರ್‌ನ ಹೆಸರಾಂತ ದತ್ತಾಂಶಗಳಲ್ಲಿ ಹೆಚ್ಚಿನವರು ಚೆನ್ನಾಗಿ ಓದಿದ ಬಿಳಿಯರು. ಈ ಕೊರತೆ ತುಂಬುವ ಕೆಲಸ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆದಿದೆ. ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಅಲ್ಲಿನ ಹಳ್ಳಿಗಳ 45 ದಾಟಿದ 10,000 ಮಂದಿಯನ್ನು ವರ್ಷಗಳ ಕಾಲ ಗಮನಿಸುವ ಗುರಿ ಹೊತ್ತಿದೆ. ಇಂಥವರ ಮಾಹಿತಿಯ ಮೇಲೂ ಸರಿಯೆನಿಸಿಕೊಳ್ಳದ ಮಾದರಿಯನ್ನು ನಮ್ಮ ಆಸ್ಪತ್ರೆಗಳು ಕಣ್ಣುಮುಚ್ಚಿ ಒಪ್ಪುವಂತಿಲ್ಲ.