ನಂಜನಗೂಡಿಗೆ ಹಾಕಿದ ಬೇಲಿ

ದನ ನುಗ್ಗದಿರಲೆಂದು ಹೊಲಕ್ಕೆ ಬೇಲಿ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಊರಿಗೇ ಬೇಲಿ ಬಿದ್ದರೆ? 2020ರ ಮಾರ್ಚ್ 26ರಂದು ನಂಜನಗೂಡಿನ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಲ್ಲಿ ಕೊರೋನಾ ಸೋಂಕು ಪತ್ತೆಯಾಯಿತು. ರಾಜ್ಯದ ಪಟ್ಟಿಯಲ್ಲಿ ಅವರ ಸಂಖ್ಯೆ 52. ಕಾರ್ಖಾನೆ ಮುಚ್ಚಿತು. ಸಾವಿರಕ್ಕೂ ಹೆಚ್ಚು ನೌಕರರು ಮನೆಯೊಳಗೇ ಉಳಿಯಬೇಕಾಯಿತು. ಬೀದಿಗಳಿಗೆ ಅಡ್ಡಗಟ್ಟೆ ಬಿತ್ತು, ಸೋಂಕುನಾಶಕದ ಸಿಂಪಡಣೆ ನಡೆಯಿತು. ಲೋಕದ ನಂಜನ್ನುಂಡ ದೇವರ ಊರು, ಟಿಪ್ಪು ಸುಲ್ತಾನ ಆ ದೇವರನ್ನೇ 'ಹಕೀಮ' ಎಂದು ಕರೆದನೆಂಬ ಐತಿಹ್ಯವಿರುವ ಊರು, ರೋಗದ ಹೆಸರಿನಲ್ಲಿ ನಾಡಿಗೆಲ್ಲ ಪರಿಚಯವಾಯಿತು.

ಅಡ್ಡಗಟ್ಟೆಯ ಜೊತೆಗೇ ಅನುಮಾನವೂ ಹುಟ್ಟಿತು. ವಿದೇಶಕ್ಕೆ ಹೋಗದವರಿಗೆ ಸೋಂಕು ತಗುಲಿದ್ದು ಹೇಗೆ? ಚೀನಾದಿಂದ ಬಂದ ಕಚ್ಚಾ ಸಾಮಗ್ರಿಯಲ್ಲಿ ವೈರಾಣು ಇತ್ತೆಂಬ ಮಾತು ಹಬ್ಬಿತು. ಮಾದರಿಯನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಕಳುಹಿಸಿದರು. ಸೋಂಕಿಲ್ಲವೆಂಬ ಉತ್ತರ ಬಂತು. ವಿಜ್ಞಾನ ಓದುವ ನಿಮಗೆ ಇದು ಅಚ್ಚರಿಯಾಗಬೇಕಿಲ್ಲ. ಆ ವರ್ಷದ ಪ್ರಯೋಗವೊಂದರಲ್ಲಿ ಪ್ಲಾಸ್ಟಿಕ್, ಉಕ್ಕಿನ ಮೇಲೆ ಈ ವೈರಾಣು ಜೀವಂತವಾಗಿ ಕಂಡದ್ದು ಹೆಚ್ಚೆಂದರೆ 72 ಗಂಟೆ. ಹಡಗಿನ ಸರಕು ಚೀನಾದಿಂದ ಬರಲು ವಾರಗಳೇ ಬೇಕು. ಆದರೂ ಗುಮಾನಿ ತಣಿಯಲಿಲ್ಲ. ಸರ್ಕಾರ ತನಿಖೆಗೆ ಹಿರಿಯ ಅಧಿಕಾರಿಯೊಬ್ಬರನ್ನು ನೇಮಿಸಿತು; ಸೋಂಕಿನ ಮೂಲ ಇದೇ ಎಂದು ಜನ ಒಪ್ಪುವಂಥ ಉತ್ತರ ಮಾತ್ರ ಸಿಗಲಿಲ್ಲ.

ಟೆಲಿವಿಷನ್ ಚರ್ಚೆಗಳಲ್ಲಿ ಇಂಥ ಅನುಮಾನವನ್ನು 'ಜನರ ಅಜ್ಞಾನ' ಎಂದು ಬದಿಗೆ ಸರಿಸುವ ಅಭ್ಯಾಸವುಂಟು. ನನಗದು ಒಪ್ಪಿಗೆಯಿಲ್ಲ. ಕಾರಣ ತಿಳಿಯಲು ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗೋಣ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಮೈಸೂರು ಸೀಮೆಯೂ ತಪ್ಪಿಸಿಕೊಳ್ಳಲಿಲ್ಲ. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ರೋಗಿಯ ಮನೆಯವರನ್ನೆಲ್ಲ ಊರಾಚೆಯ ಶಿಬಿರಕ್ಕೆ ಸಾಗಿಸುವುದು, ಬಿಸಿಲು ಬೀಳಲೆಂದು ಮನೆಯ ಹೆಂಚು ತೆಗೆಸುವುದು, ಬಟ್ಟೆಬರೆ ಸುಡಿಸುವುದು ಆ ಕಾಲದ ಶುಚೀಕರಣ. ಜನ ರೋಗಿಗಳನ್ನು ಬಚ್ಚಿಟ್ಟರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ 1898ರಲ್ಲಿ ದಂಗೆಯೇ ಆಯಿತು.

ಈಗ ಒಂದು ಅಂಶ ಗಮನಿಸಿ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ 1894ರಲ್ಲೇ ಹಾಂಕಾಂಗ್‌ನಲ್ಲಿ ಗುರುತಿಸಿದ್ದರು. ಆದರೆ ಅದನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟ ಎಂದು ಸಿಮಾಂಡ್ 1898ರಲ್ಲಿ ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. 1905ರಿಂದ ಮುಂಬಯಿಯಲ್ಲಿ ನಡೆದ ಪ್ರಯೋಗಗಳ ಬಳಿಕವೇ ಅದಕ್ಕೆ ಮನ್ನಣೆ. ಅಲ್ಲಿಯವರೆಗೆ ಕಾವಲೆಲ್ಲ ಮನುಷ್ಯರಿಗೆ. ಇಲಿಯನ್ನು ಯಾವ ಪೇದೆ ತಡೆದಾನು? ಇತ್ತ ನಮ್ಮ ಹಳ್ಳಿಗರು ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪುಸ್ತಕದ ವಿಜ್ಞಾನಕ್ಕಿಂತ ಆ ರೂಢಿಯೇ ಸತ್ಯಕ್ಕೆ ಹತ್ತಿರವಿತ್ತು.

ಹಾಗಾದರೆ 2020ರ ಅಡ್ಡಗಟ್ಟೆಯೂ ದಂಡವೇ? ಅಲ್ಲ. ಕೊರೋನಾ ಹರಡುವುದು ಮನುಷ್ಯರ ಉಸಿರಿನಿಂದ. ಹೀಗಾಗಿ ಮನುಷ್ಯರನ್ನು ದೂರವಿಟ್ಟದ್ದು ಫಲಿಸಿತು. ಮೈಸೂರು ಜಿಲ್ಲೆಯಲ್ಲಿ ಆವರೆಗೆ ಕಂಡಿದ್ದ 90 ರೋಗಿಗಳೂ ಮೇ 15ರ ಹೊತ್ತಿಗೆ ಗುಣವಾಗಿ ಮನೆ ಸೇರಿದರು. ಬಹುಪಾಲು ಪ್ರಕರಣಗಳು ನಂಜನಗೂಡಿನ ಸರಣಿಗೇ ಸೇರಿದ್ದವು. ಸೋಂಕಿನ ಮೂಲ ತಿಳಿಯದಿದ್ದರೂ ಅದರ ಮುಂದಿನ ದಾರಿ ಕಟ್ಟಬಹುದು ಎಂಬುದನ್ನು ಜನರಿಗೆ ಬಿಡಿಸಿ ಹೇಳುವ ಕೆಲಸ ಮಾತ್ರ ಸಾಲದಾಯಿತು.

ತಮಾಷೆಯೆಂದರೆ, ಪೊಲೀಸರ ಅಡ್ಡಗಟ್ಟೆಯನ್ನು ಶಂಕಿಸಿದ ನಾವೇ ಆ ದಿನಗಳಲ್ಲಿ ಬೇಲಿ ಕಟ್ಟುವುದರಲ್ಲೂ ಮುಂದಿದ್ದೆವು. ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಜನರೇ ದಾರಿಗೆ ಮುಳ್ಳು ಹಾಕಿದರು, ಕಂದಕ ತೋಡಿದರು. ಆ ವರ್ಷ ನಂಜನಗೂಡಿನ ದೊಡ್ಡ ಜಾತ್ರೆಯ ತೇರು ಎಳೆಯಲಿಲ್ಲ. ಕಪಿಲೆ ಮಾತ್ರ ಎಂದಿನಂತೆ ಟಿ. ನರಸೀಪುರಕ್ಕೆ ಹರಿದು ಕಾವೇರಿಯನ್ನು ಕೂಡಿತು. ಆ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳ 2022ರಲ್ಲಿ ಸೋಂಕಿನ ಕಾರಣಕ್ಕೆ ನಿಂತುಹೋಯಿತು. 2025ರ ಫೆಬ್ರವರಿಯಲ್ಲಿ, ಆರು ವರ್ಷಗಳ ನಂತರ, ಜನ ಮತ್ತೆ ಅಲ್ಲಿ ನೀರಿಗಿಳಿದರು.